ಹುಟ್ಟಿದ ದಿನಕ್ಕೂ ಪ್ರಶಸ್ತಿಯ ದಿನಕ್ಕೂ ನಡುವೆ

ಡಿಸೆಂಬರ್ 29 ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಲೆಗಳಲ್ಲಿ ಸಣ್ಣದೊಂದು ಸಂಭ್ರಮ. ಕುವೆಂಪು ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಅವರೇ ಬರೆದ ನಾಡಗೀತೆಯನ್ನು ಮಕ್ಕಳು ಹಾಡುತ್ತಾರೆ. ಆಮೇಲೆ ಏಳನೆಯ ತರಗತಿಯ ಹುಡುಗನೋ ಒಂಬತ್ತನೆಯ ತರಗತಿಯ ಹುಡುಗಿಯೋ ಮೈಕಿನ ಮುಂದೆ ನಿಂತು, ಮೇಷ್ಟರು ಬರೆದುಕೊಟ್ಟ ಭಾಷಣವನ್ನು ಉಸಿರು ಬಿಡದೆ ಒಪ್ಪಿಸುತ್ತಾರೆ. ಕುವೆಂಪು 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದರು. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮ. 'ಶ್ರೀ ರಾಮಾಯಣ ದರ್ಶನಂ' ಬರೆದರು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದರು. ಚಪ್ಪಾಳೆ. ಭಾಷಣ ಮುಗಿಯಿತು.

ಭಾಷಣದಲ್ಲಿ ತಪ್ಪೇನೂ ಇಲ್ಲ. ಆದರೆ ಜ್ಞಾನಪೀಠ ಬಂದದ್ದು 1967ರ ಸಾಲಿಗೆ. 1904ರಿಂದ 1967ಕ್ಕೆ ಒಂದೇ ನೆಗೆತ! ನಡುವಿನ ಅರವತ್ಮೂರು ವರ್ಷಗಳು ಎಲ್ಲಿ ಹೋದವು? ಆ ವರ್ಷಗಳಲ್ಲಿ ಈ ಮನುಷ್ಯನಿಗೆ ಜ್ವರ ಬರಲಿಲ್ಲವೇ? ಮನೆಯಲ್ಲಿ ಸಾವು ಆಗಲಿಲ್ಲವೇ? ಬರೆದದ್ದು ಸರಿಯಿಲ್ಲ ಎಂದು ಯಾರೂ ಅನ್ನಲಿಲ್ಲವೇ? ಮುಂದೇನು ಮಾಡುವುದೆಂದು ತೋಚದೆ ಒಂದು ರಾತ್ರಿಯಾದರೂ ಎದ್ದು ಕೂರಲಿಲ್ಲವೇ?

ವಿದ್ಯಾರ್ಥಿಗಳಿಗೆ ನಿಜವಾಗಿ ಬೇಕಾದದ್ದು ಈ ನಡುವಿನ ವರ್ಷಗಳ ಕಥೆ. ಹುಟ್ಟಿದ ದಿನ ನಮ್ಮ ಕೈಯಲ್ಲಿಲ್ಲ, ಪ್ರಶಸ್ತಿಯ ದಿನ ಎಲ್ಲರಿಗೂ ಬರುವುದಿಲ್ಲ. ನಡುವಿನ ವರ್ಷಗಳನ್ನು ಮಾತ್ರ ಎಲ್ಲರೂ ಬದುಕಲೇಬೇಕು.

ಒಂದೇ ಹೊಳೆ, ಒಂದೇ ಮಳೆ

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೊರಟರೆ ನೆಮ್ಮಾರು ದಾಟಿದ ಮೇಲೆ, ಘಟ್ಟ ಇಳಿಯುವ ಮೊದಲು ಕೆರೆಕಟ್ಟೆ ಸಿಗುತ್ತದೆ. ಸುತ್ತ ದಟ್ಟ ಕಾಡು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಗದ್ದೆಯಂಚು, ತೋಟ, ಹಳ್ಳ ದಾಟಬೇಕು. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಇದೇ ಕಾಡಿನ ನಡುವೆ ಹರಿದು, ಶೃಂಗೇರಿ, ಹರಿಹರಪುರಗಳನ್ನು ಹಾದು ತೀರ್ಥಹಳ್ಳಿ ಸೇರುತ್ತಾಳೆ. ಪುಟ್ಟಪ್ಪ ಎಂಬ ಹುಡುಗ ಮನೆ ಬಿಟ್ಟು ಓದಲು ಬಂದದ್ದು ಆ ತೀರ್ಥಹಳ್ಳಿಗೆ. ಕೆರೆಕಟ್ಟೆಯ ಮಕ್ಕಳು ನೋಡುವ ಹೊಳೆಯನ್ನೇ ಅವನೂ ನೋಡಿದ. ಅವರು ನೆನೆಯುವ ಮಳೆಯಲ್ಲೇ ಅವನೂ ನೆನೆದ.

ಆಗಿನ ಮಲೆನಾಡಿನ ಚಿತ್ರ ಇಂದಿನ ಮಕ್ಕಳ ಕಣ್ಣಿಗೆ ಕಟ್ಟುವುದು ಕಷ್ಟ. ಇಂದು ಹಸಿರು ನೋಡಲು ಪ್ರವಾಸಿಗರು ಬರುವ ಈ ಸೀಮೆಗೆ ಆಗ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೆಮುಂದೆ ನೋಡುತ್ತಿದ್ದರು. ಕಾರಣ ಮಲೇರಿಯಾ. ಜ್ವರ ಬಂದು ಬಂದು ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಳ್ಳುವುದನ್ನು ಜನ ಜ್ವರಗೆಡ್ಡೆ ಎನ್ನುತ್ತಿದ್ದರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಕುವೆಂಪು ಹುಟ್ಟುವುದಕ್ಕೆ ಏಳು ವರ್ಷ ಮೊದಲು. ಆದರೆ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಮನೆಮನೆಯ ಗೋಡೆಗೆ ಡಿಡಿಟಿ ಸಿಂಪಡಿಸಲು ತೊಡಗಿದ್ದು 1953ರಲ್ಲಿ. ಅಷ್ಟು ಹೊತ್ತಿಗೆ ಕುವೆಂಪು ಅವರಿಗೆ ನಲವತ್ತೆಂಟು ದಾಟಿತ್ತು. ಅಂದರೆ ಅವರ ಬಾಲ್ಯ, ಯೌವನಗಳೆಲ್ಲ ಜ್ವರದ ನಾಡಿನಲ್ಲೇ ಕಳೆದವು.

ಕುಪ್ಪಳಿಯ ಮನೆ ಬಡವರ ಮನೆಯಲ್ಲ. ಗದ್ದೆ, ತೋಟ, ಆಳುಕಾಳು ಇದ್ದ ದೊಡ್ಡ ಮನೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಮಹಾಪುರುಷರೆಲ್ಲ ಗುಡಿಸಲಿನಲ್ಲೇ ಹುಟ್ಟಿರಬೇಕು ಎಂದು ನಮ್ಮ ಭಾಷಣಕಾರರಿಗೆ ಅದೇಕೋ ಆಸೆ. ಕಷ್ಟವೆಂದರೆ ಬಡತನವೊಂದೇ ಅಲ್ಲ. ಆ ಮನೆಯಲ್ಲಿ ಅಕ್ಕಿಗೆ ಕೊರತೆ ಇರಲಿಲ್ಲ, ಅಕ್ಷರಕ್ಕೆ ಇತ್ತು. ಶಾಲೆ ದೂರವಾದದ್ದರಿಂದ ದಕ್ಷಿಣ ಕನ್ನಡದ ಕಡೆಯಿಂದ ಒಬ್ಬ ಅಯ್ಯಗಳನ್ನು ಕರೆಸಿ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಸುತ್ತಿದ್ದರು. ಓದು ಮುಂದುವರಿಯಬೇಕಾದರೆ ಹೊಳೆ ದಾಟಬೇಕು, ಊರು ಬಿಡಬೇಕು, ತಾಯಿಯ ಮಡಿಲನ್ನೂ ಬಿಡಬೇಕು.

ತಂದೆಯಿಲ್ಲದ ಹುಡುಗ ಮೈಸೂರಿಗೆ

ಪುಟ್ಟಪ್ಪನಿಗೆ ಹನ್ನೆರಡು ವರ್ಷವಾಗಿದ್ದಾಗ ತಂದೆ ವೆಂಕಟಪ್ಪಗೌಡರು ತೀರಿಕೊಂಡರು. ಹನ್ನೆರಡು ಎಂದರೆ ಇಂದಿನ ಲೆಕ್ಕದಲ್ಲಿ ಆರನೆಯದೋ ಏಳನೆಯದೋ ತರಗತಿ. ಒಕ್ಕಲುತನದ ಮನೆಯಲ್ಲಿ ಯಜಮಾನ ಹೋದರೆ ಗಂಡುಮಗನ ಓದು ಅಲ್ಲಿಗೇ ನಿಲ್ಲುವುದು ಆಗ ಸಾಮಾನ್ಯ. ಗದ್ದೆ ತೋಟ ನೋಡಿಕೊಳ್ಳುವವರು ಬೇಕಲ್ಲ! ಓದಿ ಆಗಬೇಕಾದ್ದೇನು ಎಂಬ ಪ್ರಶ್ನೆಗೆ ಆ ಕಾಲದ ಮಲೆನಾಡಿನಲ್ಲಿ ಉತ್ತರ ಹೇಳುವವರೂ ಕಡಿಮೆ. ಆದರೂ ಆ ಹುಡುಗನ ಓದು ನಿಲ್ಲಲಿಲ್ಲ. ತೀರ್ಥಹಳ್ಳಿ ಮುಗಿಸಿ ಮೈಸೂರಿನ ವೆಸ್ಲಿಯನ್ ಹೈಸ್ಕೂಲು ಸೇರಿದ.

ಕಾಡಿನಿಂದ ನೇರವಾಗಿ ಅರಮನೆಯ ಊರಿಗೆ. ಮಾತಿನ ಧಾಟಿ ಬೇರೆ, ಊಟ ಬೇರೆ, ಉಡುಪು ಬೇರೆ. ಇಂದು ಕೆರೆಕಟ್ಟೆಯಿಂದಲೋ ಬಾಳೆಹೊನ್ನೂರಿನಿಂದಲೋ ಬೆಂಗಳೂರಿನ ಹಾಸ್ಟೆಲಿಗೆ ಹೋಗಿ ಮೊದಲ ವಾರ ಅಳುವ ಹುಡುಗ ಹುಡುಗಿಯರಿಗೆ ಆ ಅನುಭವ ಹೊಸದಲ್ಲ. ಅವರ ಕೈಯಲ್ಲಿ ಸಂಜೆ ಮನೆಗೆ ಮಾತಾಡಲು ಫೋನಾದರೂ ಇದೆ. ಪುಟ್ಟಪ್ಪನಿಗೆ ಇದ್ದದ್ದು ಅಂಚೆ ಮಾತ್ರ.

ಈ ಹುಡುಗ ಇಂಗ್ಲಿಷಿನಲ್ಲಿ ಕವನ ಬರೆಯತೊಡಗಿದ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಟ್ಟ ಇಂಗ್ಲಿಷ್ ಕವನ ಪುಸ್ತಕವೂ ಬಂತು. ಆಗಿನ್ನೂ ಹದಿನೆಂಟು ತುಂಬಿರಲಿಲ್ಲ. ಇಂಗ್ಲಿಷ್ ಕವಿಯಾಗಬೇಕೆಂಬುದೇ ಕನಸು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪ ತನ್ನ ಕವನಗಳನ್ನು ಹಿಡಿದು ಅವರ ಬಳಿಗೆ ಹೋದ. ಮೆಚ್ಚುಗೆ ಸಿಗುತ್ತದೆಂದು ಹೋದವನಿಗೆ ಸಿಕ್ಕಿದ್ದು ಪ್ರಶ್ನೆ. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕಸಿನ್ಸ್ ಕೇಳಿದರು. ಕನ್ನಡದಲ್ಲಿ ಇಂಥ ಹೊಸ ಬಗೆಯ ಕವಿತೆ ಬರೆಯಲು ಛಂದಸ್ಸು ಒಗ್ಗದು ಎಂಬುದು ತರುಣನ ವಾದ. ಬಂಗಾಳಿಯಲ್ಲಿ ಟಾಗೂರರು ಹೊಸ ಛಂದಸ್ಸನ್ನೇ ಮಾಡಿಕೊಂಡಿಲ್ಲವೇ ಎಂಬುದು ಹಿರಿಯರ ಉತ್ತರ.

ಇಂದು ಈ ಪ್ರಸಂಗವನ್ನು ಓದುವಾಗ ಅದೊಂದು ಶುಭ ಗಳಿಗೆಯಂತೆ ಕಾಣುತ್ತದೆ. ಆ ದಿನ ಆ ತರುಣನಿಗೆ ಹಾಗೆ ಕಂಡಿರಲಾರದು. ವರ್ಷಗಟ್ಟಲೆ ಶ್ರದ್ಧೆಯಿಂದ ಬರೆದದ್ದನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡು ಎಂದರೆ ಯಾರಿಗೆ ತಾನೇ ಸಂತೋಷ? ನಿರಾಶೆಯಿಂದಲೇ ಹೊರಬಂದ ತರುಣ ಆ ಮಾತನ್ನು ಮಾತ್ರ ಬಿಟ್ಟು ಬರಲಿಲ್ಲ. ಕನ್ನಡಕ್ಕೆ ತಿರುಗಿದ.

ಅದರ ಬೆನ್ನಿಗೇ ಕಾಯಿಲೆ. ಕಾಲೇಜು ಓದುತ್ತಿದ್ದ ದಿನಗಳಲ್ಲಿ, ಪರಊರಿನಲ್ಲಿ ಪುಟ್ಟಪ್ಪ ತೀವ್ರ ಅಸ್ವಸ್ಥರಾದರು. ಮೈಸೂರಿನಲ್ಲಿ ಆಗತಾನೇ, 1925ರಲ್ಲಿ, ಶ್ರೀರಾಮಕೃಷ್ಣ ಆಶ್ರಮ ಆರಂಭವಾಗಿತ್ತು. ಅಲ್ಲಿನ ಸ್ವಾಮಿ ಸಿದ್ಧೇಶ್ವರಾನಂದರು ಈ ವಿದ್ಯಾರ್ಥಿಯನ್ನು ಆಶ್ರಮಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿಸಿದರು. ಮುಂದೆ ಸುಮಾರು ಹತ್ತು ವರ್ಷ ಆಶ್ರಮವೇ ಕುವೆಂಪು ಅವರ ಮನೆಯಾಯಿತು. ಅಂದು ಆ ಕೈ ಚಾಚದೆ ಹೋಗಿದ್ದರೆ? ಜ್ವರದಲ್ಲಿ ಓದು ಬಿಟ್ಟು ಊರಿಗೆ ಮರಳಿದ ನೂರಾರು ಮಲೆನಾಡಿನ ಹುಡುಗರ ಸಾಲಿಗೆ ಇನ್ನೊಂದು ಹೆಸರು ಸೇರುತ್ತಿತ್ತು, ಅಷ್ಟೆ.

ಹತ್ತು ವರ್ಷ ಹಿಡಿದ ಪುಸ್ತಕ

1927ರಲ್ಲಿ ಬಿ.ಎ. ಮುಗಿಯಿತು. ಮಹಾರಾಜ ಕಾಲೇಜಿನಲ್ಲಿ ಆಗಷ್ಟೇ ಕನ್ನಡ ಎಂ.ಎ. ಶುರುವಾಗಿತ್ತು; ಕುವೆಂಪು ಅದರ ಮೊದಲ ತಂಡದವರಲ್ಲಿ ಒಬ್ಬರು. ಕಾಲೇಜುಗಳಲ್ಲಿ ಇಂಗ್ಲಿಷಿಗೆ ಸಿಂಹಾಸನ, ಕನ್ನಡಕ್ಕೆ ಚಾಪೆ ಎಂಬಂತಿದ್ದ ಕಾಲ ಅದು. ಕನ್ನಡ ಓದಿದವರಿಗೆ ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ. ಯಾವ ಕೋರ್ಸು ತೆಗೆದುಕೊಂಡರೆ ಬೇಗ ನೌಕರಿ ಎಂದು ಇಂದು ಮನೆಮನೆಯಲ್ಲೂ ನಡೆಯುವ ಚರ್ಚೆ ನಡೆದಿದ್ದರೆ ಆ ಹುಡುಗನಿಗೆ ಕನ್ನಡ ತೆಗೆದುಕೋ ಎಂದು ಹೇಳುವವರು ವಿರಳ. ಆದರೆ ಅಲ್ಲಿ ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳಿದ್ದರು. 1929ರಲ್ಲಿ ಎಂ.ಎ. ಆಯಿತು, ಅದೇ ಕಾಲೇಜಿನಲ್ಲಿ ಅಧ್ಯಾಪಕ ಕೆಲಸವೂ ಸಿಕ್ಕಿತು.

1936ರಲ್ಲಿ 'ಶ್ರೀ ರಾಮಾಯಣ ದರ್ಶನಂ' ಬರೆಯಲು ತೊಡಗಿದರು. ಮುಗಿದದ್ದು 1946ರಲ್ಲಿ. ಈ ಹತ್ತು ವರ್ಷಗಳಲ್ಲಿ ಏನೇನು ನಡೆಯಿತು ನೋಡಿ. 1937ರಲ್ಲಿ ಹೇಮಾವತಿಯವರೊಡನೆ ಮದುವೆ. 1938ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಜನನ. ಮೈಸೂರಿನಿಂದ ಬೆಂಗಳೂರಿಗೆ ವರ್ಗ, ಮತ್ತೆ ಮೈಸೂರಿಗೆ. 1939ರಲ್ಲಿ ಪ್ರೀತಿಯ ಗುರು ವೆಂಕಣ್ಣಯ್ಯನವರ ಮರಣ. ಅದೇ ವರ್ಷ ಎರಡನೆಯ ಮಹಾಯುದ್ಧದ ಆರಂಭ. ಅಕ್ಕಿ, ಸೀಮೆಎಣ್ಣೆ, ಕಾಗದ ಎಲ್ಲದಕ್ಕೂ ತತ್ವಾರ. ಕಾಲೇಜಿನ ಪಾಠ, ಮಕ್ಕಳ ಜ್ವರ, ಸಂಸಾರದ ಲೆಕ್ಕ. ಇವೆಲ್ಲದರ ನಡುವೆ ಸಾಲಿನ ಮೇಲೆ ಸಾಲು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲುಗಳು! ಮಹಾಕಾವ್ಯ ಮುಗಿದಾಗ ಅದನ್ನು ನೋಡಲು ಗುರುಗಳಿರಲಿಲ್ಲ. ಕುವೆಂಪು ಅದನ್ನು ವೆಂಕಣ್ಣಯ್ಯನವರಿಗೇ ಅರ್ಪಿಸಿದರು.

ಬರೆಯುತ್ತಿರುವಾಗ ಅದಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಆಗ ಆ ಅಕಾಡೆಮಿಯೇ ಹುಟ್ಟಿರಲಿಲ್ಲ. ಜ್ಞಾನಪೀಠವೂ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಯಾರಿಗೆ ಬೇಕು ಮಹಾಕಾವ್ಯ ಎಂಬ ಅನುಮಾನದ ಮಾತುಗಳಂತೂ ಇದ್ದವು. ಪ್ರಶಸ್ತಿಯನ್ನು ನಾವು ಕೊನೆಯಿಂದ ನೋಡುತ್ತೇವೆ. ಅವರು ಅದನ್ನು ಕಾಣದೆಯೇ ಹತ್ತು ವರ್ಷ ನಡೆದರು.

ಟೀಕೆಯೂ ತಪ್ಪಲಿಲ್ಲ. ಶಂಬೂಕನ ಕಥೆಗೆ ಹೊಸ ಅರ್ಥ ಕೊಟ್ಟ 'ಶೂದ್ರ ತಪಸ್ವಿ' ನಾಟಕ 1944ರಲ್ಲಿ ಬಂದಾಗ, ಪುರಾಣದ ಕಥೆಯನ್ನು ಹೀಗೆ ಬದಲಿಸುವುದು ಸರಿಯಲ್ಲ ಎಂದು ಆಕ್ಷೇಪಿಸಿದವರಲ್ಲಿ ಹಿರಿಯರಾದ ಮಾಸ್ತಿ ವೆಂಕಟೇಶ ಅಯ್ಯಂಗಾರರೂ ಇದ್ದರು. ಕುವೆಂಪು ತಮ್ಮ ನಿಲುವನ್ನು ಸಮರ್ಥಿಸಿಕೊಂಡು ಉತ್ತರಿಸಿದರು. ಜಗಳವನ್ನು ಅಕ್ಷರದಲ್ಲೇ ಮಾಡಿ, ಅಕ್ಷರದಲ್ಲೇ ಮುಗಿಸಿದ ರೀತಿ ಅದು. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂತು. ಮಾಸ್ತಿ ಅವರಿಗೆ 1983ರ ಸಾಲಿಗೆ.

ಬೀದಿದೀಪಕ್ಕಿಂತ ದೊಡ್ಡ ಕಥೆ

ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಸರ್ ಎಂ.ವಿ. ಎಂದ ಕೂಡಲೇ ಮಕ್ಕಳ ಬಾಯಲ್ಲಿ ಬರುವುದು ಬೀದಿದೀಪದ ಕೆಳಗೆ ಕೂತು ಓದಿದ ಕಥೆ. ಅದೇ ಕಥೆಯನ್ನು ಬೇರೆ ಹಲವು ಮಹನೀಯರ ಬಗ್ಗೆಯೂ ಹೇಳುವುದುಂಟು. ಬೀದಿದೀಪಕ್ಕಿಂತ ದೊಡ್ಡ ಕಥೆ ಅವರ ಬಾಳಿನಲ್ಲಿದೆ; ಅದನ್ನು ಹೇಳುವವರು ಕಡಿಮೆ.

1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು ಹುಡುಗನ ಕೈ ಹಿಡಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಖರ್ಚಿಗಾಗಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿದರು. ತಾನು ವಿದ್ಯಾರ್ಥಿ, ಬೇರೆಯವರ ಮನೆಯಲ್ಲಿ ಮೇಷ್ಟರು! 1881ರಲ್ಲಿ ಬಿ.ಎ. ಆಯಿತು. ಆಮೇಲೆ ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು.

ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಕನ್ನಂಬಾಡಿಯ ಕಥೆ ಏನಾಗುತ್ತಿತ್ತೋ ಯಾರು ಬಲ್ಲರು? 1951ರಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. ಹೆಸರೇ ಹೇಳುವಂತೆ ಅದು ಕೆಲಸದ ಕಥೆ. ಸ್ವಂತದ ಕಷ್ಟವನ್ನು ಹೇಳಿಕೊಳ್ಳುವ ಅಭ್ಯಾಸ ಆ ತಲೆಮಾರಿಗೆ ಇರಲಿಲ್ಲ. ಹಾಗಾಗಿ ನಮಗೆ ಅಣೆಕಟ್ಟು ಕಾಣುತ್ತದೆ, ಮನೆಪಾಠದ ಹುಡುಗ ಕಾಣುವುದಿಲ್ಲ.

ಅಂಬಿಕೆಯ ಮಗ, ಅಂಬಾಬಾಯಿಯ ಮಗಳು

ಇನ್ನು ಉತ್ತರಕ್ಕೆ, ಧಾರವಾಡಕ್ಕೆ ಹೋಗೋಣ. 1896ರಲ್ಲಿ ಅಲ್ಲಿ ಹುಟ್ಟಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಹುಡುಗನಾಗಿದ್ದಾಗಲೇ ತಂದೆ ಹೋದರು. ಬೆಳೆಸಿದವರು ತಾಯಿ ಅಂಬಿಕೆ. ಮುಂದೆ ಚಿಕ್ಕಪ್ಪನ ಆಸರೆಯಲ್ಲಿ ಪುಣೆಯಲ್ಲಿ ಕಾಲೇಜು ಓದಿ, 1918ರಲ್ಲಿ ಪದವಿ ಪಡೆದು ಧಾರವಾಡದಲ್ಲಿ ಶಾಲಾ ಮೇಷ್ಟರಾದರು. ಕವಿಯಾಗಿ ಅವರು ಇಟ್ಟುಕೊಂಡ ಹೆಸರು 'ಅಂಬಿಕಾತನಯದತ್ತ'. ಅಂಬಿಕೆಯ ಮಗ ದತ್ತ ಎಂದರ್ಥ. ತಾಯಿಯ ಋಣವನ್ನು ಹೆಸರಿನಲ್ಲೇ ಬರೆದುಕೊಂಡ ಕವಿ ಅವರು.

'ನರಬಲಿ' ಎಂಬ ಕವನದಲ್ಲಿ ಬ್ರಿಟಿಷ್ ಸರ್ಕಾರಕ್ಕೆ ರಾಜದ್ರೋಹ ಕಂಡಿತು. 1932ರಲ್ಲಿ ಬೇಂದ್ರೆ ಸೆರೆಮನೆ ಸೇರಬೇಕಾಯಿತು. ಬಿಡುಗಡೆಯ ನಂತರ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧದ ವಾಸ. ಅದಕ್ಕಿಂತ ದೊಡ್ಡ ಶಿಕ್ಷೆ ಆಮೇಲಿನದು. ರಾಜದ್ರೋಹಿ ಎಂಬ ಹಣೆಪಟ್ಟಿ ಹೊತ್ತವರಿಗೆ ಕೆಲಸ ಕೊಡುವವರು ಯಾರು? ವರ್ಷಗಟ್ಟಲೆ ನೆಲೆಯಾದ ನೌಕರಿ ಇಲ್ಲದೆ ಸಂಸಾರ ನಡೆಸಿದರು. ಹಲವು ಮಕ್ಕಳನ್ನು ಕಣ್ಣೆದುರಿಗೇ ಕಳೆದುಕೊಂಡರು. ಇದರ ನಡುವೆಯೇ 1935ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಎಂ.ಎ. ಪರೀಕ್ಷೆ ಮುಗಿಸಿದರು. ಸೊಲ್ಲಾಪುರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ನೆಲೆ ಸಿಕ್ಕಿದ್ದು 1944ರಲ್ಲಿ. ಅದಕ್ಕೆ ಹಿಂದಿನ ವರ್ಷವೇ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು! ಸಮ್ಮೇಳನದ ಮೆರವಣಿಗೆ ಮೊದಲು, ಸಂಬಳ ಆಮೇಲೆ. 'ನಾಕು ತಂತಿ'ಗೆ ಜ್ಞಾನಪೀಠ ಬಂದದ್ದು 1973ರ ಸಾಲಿಗೆ. ಸೆರೆಮನೆಯಿಂದ ಅಲ್ಲಿಗೆ ನಾಲ್ಕು ದಶಕಗಳ ಹಾದಿ.

ಅದೇ ಧಾರವಾಡದಲ್ಲಿ 1913ರಲ್ಲಿ ಹುಟ್ಟಿದವರು ಗಂಗೂಬಾಯಿ ಹಾನಗಲ್. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಸಂಗೀತದಲ್ಲಿ ಒಲವು ಎಂದು ಕಂಡಾಗ, ತನ್ನ ಶೈಲಿ ಮಗಳ ದನಿಯಲ್ಲಿ ಬೆರೆಯಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ಮಗಳ ಓದಿಗಾಗಿ ಟಿ.ವಿ. ನಿಲ್ಲಿಸುವ ತಂದೆತಾಯಿಗಳನ್ನು ಕಂಡಿದ್ದೇವೆ. ತನ್ನ ಉಸಿರನ್ನೇ ನಿಲ್ಲಿಸಿಕೊಂಡ ತಾಯಿ ಇವರು.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಗಂಗೂಬಾಯಿಯೂ ಒಬ್ಬರು. ಮೈಸೂರಿನಲ್ಲಿ ಪುಟ್ಟಪ್ಪ ಕಸಿನ್ಸ್ ಅವರನ್ನು ಕಂಡ ವರ್ಷವೇ ಅದು. ದೇಶವೇ ನೆರೆದಿದ್ದ ಆ ಸಭೆಯಲ್ಲಿ ಹನ್ನೊಂದು ವರ್ಷದ ಹುಡುಗಿಯ ಮನಸ್ಸಿನಲ್ಲಿದ್ದ ಅಳುಕು ಬೇರೆ. ಊಟಕ್ಕೆ ತನ್ನನ್ನು ಬೇರೆ ಕೂರಿಸುತ್ತಾರೇನೋ ಎಂಬ ಜಾತಿಯ ಅಳುಕು! ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿಯುತ್ತಿದ್ದಾಗ ಹಾದಿಯಲ್ಲಿ ಚುಚ್ಚುಮಾತು ಕೇಳಬೇಕಾಯಿತು. ಹೆಣ್ಣು ಹಾಡಲು ಹೊರಟರೆ ಗೌರವ ಕೊಡುವ ಕಾಲವಲ್ಲ ಅದು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಗಡುಸಾಯಿತು. ಹಾಡುವವರಿಗೆ ದನಿ ಬದಲಾಗುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಅದೇ ಗಡುಸು ದನಿಯಲ್ಲೇ ಅವರು ಹಾಡಿದರು, ಅದೇ ಅವರ ಗುರುತಾಯಿತು. ಐದನೆಯ ತರಗತಿಗೆ ಓದು ಮುಗಿಸಿದ್ದ ಅವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು.

ನಪಾಸಾದ ಗಣಿತಜ್ಞ

ಫಲಿತಾಂಶದ ದಿನ ಮುಖ ಮುಚ್ಚಿಕೊಂಡು ಕೂರುವ ಮಕ್ಕಳಿಗಾಗಿ ನೆರೆಯ ತಮಿಳುನಾಡಿನ ಒಂದು ಮಾತು. ಶ್ರೀನಿವಾಸ ರಾಮಾನುಜನ್ ಅವರಿಗೆ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತ್ತು. ಗಣಿತ ಬಿಟ್ಟು ಬೇರೆ ವಿಷಯಗಳ ಕಡೆ ಕಣ್ಣೆತ್ತಿ ನೋಡದ ಕಾರಣ ಅವು ಕೈಕೊಟ್ಟವು, ವೇತನ ಹೋಯಿತು. ಮದ್ರಾಸಿನಲ್ಲಿ ಮತ್ತೆ ಪ್ರಯತ್ನಿಸಿದರು, ಎಫ್.ಎ. ಪರೀಕ್ಷೆಯಲ್ಲಿ ಮತ್ತೆ ನಪಾಸು. ಪದವಿ ಇಲ್ಲದ ಆ ತರುಣ 1912ರಲ್ಲಿ ಮದ್ರಾಸು ಬಂದರು ಟ್ರಸ್ಟಿನಲ್ಲಿ ಗುಮಾಸ್ತರಾದರು. ಅಲ್ಲಿ ಮೇಲಧಿಕಾರಿಯಾಗಿದ್ದ ನಾರಾಯಣ ಅಯ್ಯರ್ ಅವರ ಪ್ರತಿಭೆಯನ್ನು ಗುರುತಿಸಿದರು. 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ರಾಮಾನುಜನ್ ಪತ್ರ ಬರೆದರು. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ.

ನಪಾಸಾದವರೆಲ್ಲ ರಾಮಾನುಜನ್ ಆಗುತ್ತಾರೆಂದು ಇದರ ಅರ್ಥವಲ್ಲ. ಅಂಕಪಟ್ಟಿ ಒಂದು ವರ್ಷದ ಲೆಕ್ಕ, ಮನುಷ್ಯನ ಲೆಕ್ಕವಲ್ಲ ಎಂಬುದಷ್ಟೇ ಅರ್ಥ.

ಕಷ್ಟವೊಂದೇ ಸಾಲದು

ಇಂಥ ಕಥೆಗಳನ್ನು ಹೇಳಿ ಕೊನೆಗೆ ಒಂದು ಮಾತು ಸೇರಿಸುವುದು ವಾಡಿಕೆ: ಕಷ್ಟಪಟ್ಟರೆ ಫಲ ಉಂಟು, ಕಷ್ಟದಿಂದಲೇ ದೊಡ್ಡವರಾದರು. ಮಾತು ಕೇಳಲು ಚೆಂದ. ಆದರೆ ಈ ಐವರ ಬಾಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಸತ್ಯ ಕಾಣುತ್ತದೆ. ಕಷ್ಟ ಇವರನ್ನು ಮುಳುಗಿಸಲು ಬಂದಿತ್ತು. ಸರಿಯಾದ ಹೊತ್ತಿಗೆ ಯಾರೋ ಒಬ್ಬರು ಕೈ ಕೊಟ್ಟರು. ಜ್ವರದ ವಿದ್ಯಾರ್ಥಿಯನ್ನು ಆಶ್ರಮಕ್ಕೆ ಕರೆದೊಯ್ದ ಸ್ವಾಮಿಗಳು, ಸೋದರಳಿಯನಿಗೆ ದಾರಿ ಮಾಡಿದ ಮಾವ, ಪುಣೆಯ ಚಿಕ್ಕಪ್ಪ, ಹಾಡು ನಿಲ್ಲಿಸಿದ ತಾಯಿ, ಗುಮಾಸ್ತನ ಲೆಕ್ಕದ ಹಾಳೆಗಳಿಗೆ ಬೆಲೆ ಕೊಟ್ಟ ಮೇಲಧಿಕಾರಿ. ಇವರ ಹೆಸರಿಗೆ ಜಯಂತಿ ಇಲ್ಲ, ಹಾರವೂ ಇಲ್ಲ.

ಇದೇ ಕಷ್ಟವನ್ನು ಉಂಡು, ಇಷ್ಟೇ ಪ್ರತಿಭೆ ಇದ್ದು, ಕೈ ಕೊಡುವವರಿಲ್ಲದೆ ಅರ್ಧದಾರಿಯಲ್ಲಿ ನಿಂತ ಮಕ್ಕಳು ಎಷ್ಟೋ. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ಪುಟ್ಟಪ್ಪನ ಜೊತೆ ಅಕ್ಷರ ತಿದ್ದಿದ ಮಕ್ಕಳೆಲ್ಲ ಮೈಸೂರಿಗೆ ಹೋಗಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು.

ಮಲೆನಾಡು ಈಗ ಬದಲಾಗಿದೆ. ರಸ್ತೆ ಬಂದಿದೆ, ಬಸ್ಸು ಬಂದಿದೆ, ಮಲೇರಿಯಾದ ಭಯ ಹೋಗಿದೆ. ಆದರೂ ಜೋರು ಮಳೆಯ ದಿನ ಹಳ್ಳ ಉಕ್ಕಿದರೆ ಕಾಲುಸಂಕ ದಾಟಲಾಗದೆ ಮನೆಯಲ್ಲೇ ಉಳಿಯುವ ಮಕ್ಕಳು ಇಂದಿಗೂ ಇದ್ದಾರೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಪಿಯುಸಿ ಫೀಸಿಗೆ ತಡಬಡಿಸುವ ಮನೆಗಳಿವೆ. ಊರಿನ ಮಾತಿನ ಧಾಟಿಗೆ ಪೇಟೆಯ ಕಾಲೇಜಿನಲ್ಲಿ ನಗೆಪಾಟಲಾಗಿ ಬಾಯಿ ಮುಚ್ಚಿಕೊಂಡು ಕೂತ ಹುಡುಗರಿದ್ದಾರೆ. ಅವರ ಕಷ್ಟ ಗುಟ್ಟಾಗಿಯೇ ಇರುತ್ತದೆ. ಹೇಳಿಕೊಂಡರೆ ಮನೆಯವರಿಗೆ ನೋವು, ಗೆಳೆಯರಿಗೆ ತಮಾಷೆ ಎಂಬ ಅಂಜಿಕೆ.

ತಂದೆತಾಯಿಗಳು ಮಾಡಬಹುದಾದದ್ದು ಬಹಳವಿಲ್ಲ, ಕಷ್ಟದ್ದೂ ಅಲ್ಲ. ಪಕ್ಕದ ಮನೆಯ ಹುಡುಗನ ಅಂಕವನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ. ಮಹಾಪುರುಷರ ಹೆಸರು ಹೇಳಿ ಮಕ್ಕಳನ್ನು ನಾಚಿಸಬೇಡಿ. ಅವರೂ ಅತ್ತಿದ್ದರು, ಸೋತಿದ್ದರು, ಜ್ವರದಲ್ಲಿ ಮಲಗಿದ್ದರು ಎಂದು ಹೇಳಿ. ನಿಮ್ಮದೇ ನಡುವಿನ ವರ್ಷಗಳ ಕಥೆಯನ್ನೂ ಹೇಳಿ. ಯಾವ ವರ್ಷ ಓದು ನಿಂತಿತು, ಯಾವ ವರ್ಷ ಸಾಲ ತೀರಿತು, ಆಗ ಯಾರು ಬಂದು ನಿಂತರು ಎಂಬುದು ಮಕ್ಕಳಿಗೆ ಗೊತ್ತಾಗಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಮುಂದಿನ ಜಯಂತಿಯ ಭಾಷಣಕ್ಕೆ ಮೊದಲು ಶಾಲೆಯ ಗ್ರಂಥಾಲಯದಲ್ಲಿ ಕುವೆಂಪು ಅವರ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಪುಸ್ತಕವನ್ನು ಕೇಳಿ ತೆಗೆದುಕೊಳ್ಳಿ. ದಪ್ಪ ಪುಸ್ತಕವೆಂದು ಹೆದರಬೇಡಿ, ಬಾಲ್ಯದ ಪುಟಗಳನ್ನಷ್ಟೇ ಓದಿದರೂ ಸಾಕು. ಭಾಷಣದಲ್ಲಿ ಪ್ರಶಸ್ತಿಗಳ ಪಟ್ಟಿಯನ್ನು ಎರಡು ಸಾಲಿಗೆ ಇಳಿಸಿ, ನಡುವಿನ ಒಂದು ವರ್ಷವನ್ನು ಆರಿಸಿಕೊಂಡು ಅದರ ಬಗ್ಗೆ ಮಾತಾಡಿ. ಹಾಗೆಯೇ ನಿಮ್ಮ ತರಗತಿಯಲ್ಲಿ ಮಳೆಗಾಲ ಕಳೆದರೂ ಶಾಲೆಗೆ ಮರಳದ ಸಹಪಾಠಿ ಯಾರಾದರೂ ಇದ್ದರೆ ಭಾನುವಾರ ಆ ಮನೆಗೆ ಹೋಗಿ ಬನ್ನಿ. ಬರೆದ ನೋಟ್ಸನ್ನೂ ಜೊತೆಗೆ ಒಯ್ಯಿರಿ.